ಆನೆಯ ಕಣ್ಣಿಗೆ ಮಸಿ ಎಳೆದವನು

"ಹೊಳೆಗುಂದದ ಪ್ರಜೆಗಳು ಕೇಳಿ. ಕುಮಾರಿ ಪುಟ್ಟಾಜಮ್ಮಣ್ಣಿಯವರು ನೂರು ಹಾಳೆಯ ಚಿತ್ರಕತೆಯನ್ನು ಇದ್ದಿಲಿನಲ್ಲಿ ಬರೆದಿದ್ದಾರೆ. ಅವರ ಮೂರು ಒಗಟು ಬಿಡಿಸಿದವನಿಗೆ ಆ ಹಾಳೆಗಳ ಇದ್ದಿಲು ಗೆರೆಯ ಮೇಲೆ ಮಸಿ ಎಳೆದು ಮುಗಿಸುವ ಕೆಲಸವೂ ಕುಮಾರಿಯವರ ಕೈಯೂ ಸಲ್ಲುತ್ತವೆ. ತಪ್ಪಿದವನ ತಲೆ ಹೋಗುತ್ತದೆ."

ಹೀಗೆಂದು ದೊರೆ ಚಿಕ್ಕಭೂಪ ಡಂಗುರ ಹೊಡೆಸಿದ.

ಮೊದಲು ಬಂದವನು ಪಾಳೆಯಗಾರರ ಮಗ ರಣಭೈರ. ಕುಮಾರಿ ಮೂರು ಹಾಳೆ ಹಾಸಿದಳು. ಒಂದರಲ್ಲಿ ಸಿಟ್ಟಿನ ಆನೆ, ಒಂದರಲ್ಲಿ ಸೊರಗಿದ ಆನೆ, ಇನ್ನೊಂದರಲ್ಲಿ ಹೊಟ್ಟೆ ತುಂಬ ತಿಂದು ಸುಖವಾಗಿದ್ದ ಆನೆ. ಇಲ್ಲಿ ಎಷ್ಟು ಆನೆಗಳಿವೆ ಎಂದು ಕೇಳಿದಳು. ಮೂರು ಎಂದು ರಣಭೈರ ಸೆರೆಮನೆ ಸೇರಿದ. ಆಸ್ಥಾನದ ಚಿತ್ರಗಾರ ತಿರುಮಲಾಚಾರಿ ಒಂದೇ ಎಂದು ಗೆದ್ದ.

ಆಗ ಎರಡನೆಯ ಒಗಟು: "ಅವನು ಬಂದಮೇಲೆ ನಾನು ಕಾಣುವುದಿಲ್ಲ, ಅವನು ಬಾರದಿದ್ದರೆ ನಾನು ಉಳಿಯುವುದಿಲ್ಲ. ನಾನು ಯಾರು?" ತಿರುಮಲಾಚಾರಿ ನಕ್ಷತ್ರವೆಂದ. ಅವನನ್ನೂ ಕರೆದೊಯ್ದರು.

ಅರಮನೆಗೆ ಮಸಿ ಕೊಡಲು ಬಂದಿದ್ದ ಚೌಡಯ್ಯ ಇದನ್ನೆಲ್ಲ ನೋಡುತ್ತಿದ್ದ. ದೀಪದ ಕಪ್ಪು ಅರೆದು ಮಸಿ ಮಾಡಿ ಮಾರುವ ಬಡವ. ಇಷ್ಟು ಚೆಂದದ ಗೆರೆ ಯಾರ ಕೈಗೋ ಸಿಕ್ಕಿ ಕೆಡುವುದನ್ನು ತಾಳಲಾರದೆ, ದೇವರನ್ನು ನೆನೆದು ಮುಂದೆ ಬಂದ. ಅವನ ಕಪ್ಪು ಬೆರಳು ನೋಡಿ ದೊರೆ, "ಏನಯ್ಯಾ, ಕೈ ತೊಳೆದುಕೊಂಡಾದರೂ ಸಾಯಬಾರದೆ?" ಎಂದ.

"ತೊಳೆದರೆ ಹೋಗುವ ಮಸಿಯಲ್ಲ ನನ್ನದು, ಮಹಾಸ್ವಾಮಿ."

ಆಮೇಲೆ ಅವನು ನಿಧಾನವಾಗಿ ಬಿಡಿಸಿ ಹೇಳಿದ. ಆನೆ ಒಂದೇ, ಬರೆದ ಕೈಯೂ ಒಂದೇ. ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ತೂತುಗಳಿಂದ ಇದ್ದಿಲ ಪುಡಿ ಉದುರಿಸಿ ಅದನ್ನೇ ಮೂರು ಹಾಳೆಗೆ ಇಳಿಸಿ, ಮೂವರಿಗೆ ಮಸಿ ಎಳೆಯಲು ಕೊಟ್ಟಿದ್ದಾರೆ. ತನ್ನ ಬಳಿ ಗಟ್ಟಿ ಮಸಿ ಕೊಳ್ಳುವವನು ಕುಂಚ ಒತ್ತಿದ, ಆನೆಗೆ ಸಿಟ್ಟು ಬಂತು. ತೆಳು ಮಸಿ ಕೊಳ್ಳುವವನು ಎಲ್ಲ ಕಡೆಗೂ ಕೂದಲೆಳೆಯಂಥ ಗೆರೆ ಹಾಕಿದ, ಆನೆ ಸೊರಗಿತು. ಮೂರನೆಯವನು ಹೊಟ್ಟೆಯಡಿ ದಪ್ಪ, ಬೆನ್ನ ಮೇಲೆ ತೆಳು ಎಳೆದ, ಆನೆಗೆ ತೂಕ ಬಂತು. ಇನ್ನು ಎರಡನೆಯ ಒಗಟಿನ ಉತ್ತರ ಇದ್ದಿಲಿನ ಗೆರೆ. ಮಸಿ ಎಳೆದಮೇಲೆ ಅದನ್ನು ಬಟ್ಟೆಯಿಂದ ಒರೆಸುತ್ತಾರೆ. ಎಳೆಯದಿದ್ದರೆ ಗಾಳಿಗೇ ಉದುರಿಹೋಗುತ್ತದೆ.

ಕುಮಾರಿ ಹೊಸ ಹಾಳೆ ಇಟ್ಟಳು. "ಈ ಆನೆಯ ರೆಪ್ಪೆಗೆ ಒಂದರ ಕೆಳಗೊಂದು ಐದು ಗೆರೆ ಹಾಕಿದ್ದೇನೆ. ನನ್ನ ಮನಸ್ಸಿನಲ್ಲಿದ್ದದ್ದು ಯಾವುದು?"

ಚೌಡಯ್ಯ ಬಹಳ ಹೊತ್ತು ನೋಡಿದ. "ನನಗೆ ತಿಳಿಯದು, ಅಮ್ಮಣ್ಣಿಯವರೇ."

ಭಟನ ಕೈ ಕತ್ತಿಗೆ ಹೋಯಿತು.

"ತಾವೇ ಹೇಳಬೇಕು. ಈ ಆನೆ ಎಲ್ಲಿಂದ ಬರುತ್ತಿದೆ?"

ಕುಮಾರಿಯ ಮುಖ ಅರಳಿತು. "ಹೊಳೆಯಲ್ಲಿ ಮಿಂದು ಬರುತ್ತಿದೆ. ಕಿವಿಯಲ್ಲಿ ಇನ್ನೂ ನೀರಿದೆ."

ಚೌಡಯ್ಯ ಕುಂಚ ಅದ್ದಿ ಎಲ್ಲಕ್ಕಿಂತ ಕೆಳಗಿನ ಗೆರೆಯ ಮೇಲೆ ಎಳೆದು, ಉಳಿದದ್ದನ್ನು ಒರೆಸಿದ. ಆನೆ ಅರೆಗಣ್ಣು ಮುಚ್ಚಿ ಸುಖವಾಗಿ ನಿಂತಿತು.

"ಇದೇ, ಅಪ್ಪಾಜಿ," ಎಂದಳು ಕುಮಾರಿ. "ನನ್ನನ್ನು ಕೇಳುವುದೇ ಈ ಒಗಟಿನ ಉತ್ತರ. ಮೊದಲ ಆನೆಗೆ ಮಸಿ ಎಳೆದ ಆ ಮೂವರಲ್ಲಿ ಒಬ್ಬರೂ ಕೇಳಿರಲಿಲ್ಲ."

ಇನ್ನೇನು ಬೇಕೆಂದು ದೊರೆ ಕೇಳಿದಾಗ, ಸೆರೆಯಲ್ಲಿದ್ದ ಇಬ್ಬರ ತಲೆ ಉಳಿಸಿ, ಅವರು ತನ್ನ ಅಂಗಡಿಯಲ್ಲಿ ಮಸಿ ಅರೆಯಲೆಂದು ಚೌಡಯ್ಯ ಬೇಡಿಕೊಂಡ. ಸಭೆಯೆಲ್ಲ ನಕ್ಕಿತು.

ಮದುವೆಯಾಯಿತು. ನೂರು ಹಾಳೆಗೂ ಅವನು ಕೇಳಿದ, ಅವಳು ಹೇಳಿದಳು. ನಡುವೆ ಜಗಳವೂ ಆಯಿತಂತೆ. ದೇವರ ದಯದಿಂದ ಪುಸ್ತಕ ಮುಗಿಯಿತು. ಇಷ್ಟು ಚೆಂದದ ಗೆರೆ ಯಾರದೆಂದು ಯಾರಾದರೂ ಕೇಳಿದರೆ, ಅವನು ಅವಳನ್ನು ತೋರಿಸುತ್ತಿದ್ದ, ಅವಳು ಅವನನ್ನು.