ಹೊಳೆ ಎಡಕ್ಕೆ ಬಂದಾಗ

ಹೊಳೆದಂಡೆಯ ಆಶ್ರಮದ ಹುಚ್ಚಯ್ಯ ಸ್ವಾಮಿಗಳು ವರ್ಷಕ್ಕೊಂದು ದಿನ ಸೈಕಲ್ ಹತ್ತುತ್ತಿದ್ದರು. ಘಟ್ಟ ದಾಟಿ ಎಪ್ಪತ್ತು ಕಿಲೋಮೀಟರ್ ತುಳಿದು, ತಮ್ಮ ಗುರುವಿನ ಗದ್ದುಗೆಗೆ ಹಣೆ ಹಚ್ಚುತ್ತಿದ್ದರು.

ಎಪ್ಪತ್ತೆರಡನೆಯ ವಯಸ್ಸಿಗೆ ಅವರ ಕಣ್ಣು ಪೂರ್ತಿ ಹೋದವು.

“ಸೈಕಲ್ ಸಾಕ್ರಿ ಅಜ್ಜಾರ. ಈ ಸಲ ಜೀಪಿನ್ಯಾಗ ಹೋಗೂಣು” ಎಂದರು ಆಶ್ರಮದ ಕಮಿಟಿಯವರು.

ಸ್ವಾಮಿಗಳು ವೆಲ್ಡಿಂಗ್ ಅಂಗಡಿಗೆ ಹೇಳಿಕಳಿಸಿ, ಎರಡು ಸೈಕಲ್ ಬೆಸೆದು ಒಂದು ಮಾಡಿಸಿದರು. ಎರಡು ಸೀಟು, ಎರಡು ಜೊತೆ ಪೆಡಲು. ಹ್ಯಾಂಡಲ್ ಹಿಡಿಯಲು ಶಿಷ್ಯ ಫಕೀರಪ್ಪನನ್ನು ಕರೆದರು.

ಬೆಳಕು ಹರಿದಾಗ ಹೊರಟರು. ಫಕೀರಪ್ಪ ಮುಂದೆ, ಸ್ವಾಮಿಗಳು ಹಿಂದೆ. ಹೊಳೆ ಬಲಕ್ಕಿತ್ತು. ಒಂದು ದಿಣ್ಣೆ ಹತ್ತಿದರು, ಇಳಿದರು, ಮತ್ತೊಂದು ಹತ್ತಿದರು.

ಘಟ್ಟದ ಬುಡದಲ್ಲಿ ಚಹಾದಂಗಡಿ. ಸ್ವಾಮಿಗಳು ಚಹಾ ಕುಡಿಯುವಷ್ಟರಲ್ಲಿ ಫಕೀರಪ್ಪ ಸೈಕಲ್ಲನ್ನು ಸದ್ದಿಲ್ಲದೆ ಬಂದ ದಾರಿಗೇ ತಿರುಗಿಸಿ ನಿಲ್ಲಿಸಿದ.

ಮತ್ತೆ ಹೊರಟರು. ಒಂದಿಷ್ಟು ದೂರ ತುಳಿದ ಮೇಲೆ ಸ್ವಾಮಿಗಳು ಕೇಳಿದರು:

“ಫಕೀರಪ್ಪ, ಹೊಳಿ ಯಾವ ಕಡೆ ಐತಿ?”

“ಬಲಕ್ಕರೀ ಅಜ್ಜಾರ.”

“ನನ್ನ ಎಡಗಿವಿಗೆ ಕೇಳಾಕತ್ತೈತಲ್ಲ. ನಿಲ್ಲಸು.”

ಸೈಕಲ್ ನಿಂತಿತು. ಫಕೀರಪ್ಪ ಹಿಂದೆ ತಿರುಗಿ ನೋಡಲಿಲ್ಲ.

“ಕಮಿಟಿಯವರು ಹೇಳಿದ್ರು ಅಜ್ಜಾರ. ಅರ್ಧ ದಾರಿ ಸುತ್ತಾಡಿಸಿ ತಿರುಗಿ ಕರಕೊಂಡು ಬಾ, ಅವರಿಗೇನು ತಿಳೀತೈತಿ ಅಂದ್ರು. ನಿಮ್ಮ ಜೀವದ ಚಿಂತಿ ಅವರಿಗೆ. ನನಗೂ.”

ಸ್ವಾಮಿಗಳು ಇಳಿದರು. ಸೈಕಲ್ಲಿನ ಮೈ ಸವರುತ್ತ ಮುಂದಕ್ಕೆ ಬಂದರು. ಹ್ಯಾಂಡಲ್ ಮೇಲಿದ್ದ ಫಕೀರಪ್ಪನ ಕೈಗಳನ್ನು ಬಿಡಿಸಿದರು.

“ನೀ ಹಿಂದ ಕೂಡು.”

“ನಿಮಗ ಕಾಣೂದಿಲ್ಲಲ್ರೀ!”

“ನಿನಗ ಕಾಣ್ತೈತಲ್ಲ. ಕಂಡದ್ದು ಹೇಳು.”

ಸೈಕಲ್ ಮತ್ತೆ ಘಟ್ಟದ ಕಡೆ ತಿರುಗಿತು. ಏರು ಶುರುವಾಯಿತು. ನಡೆಯುವವರ ವೇಗದಲ್ಲಿ ಹೋಗುತ್ತಿದ್ದರೂ ಫಕೀರಪ್ಪನ ಬೆನ್ನು ಬೆವತಿತು.

“ಸ್ವಲ್ಪ ಎಡಕ್ಕ... ತಗ್ಗು ಐತಿ... ಲಾರಿ ಬಂತು, ಅಂಚಿಗೆ ಬರ್ರಿ... ಈಗ ಬಲಕ್ಕ, ಬಲಕ್ಕ!”

ಮೂರನೆಯ ತಿರುವಿನಲ್ಲಿ ಗಾಲಿ ಕಲ್ಲಿಗೆ ಹೊಡೆಯಿತು. ಇಬ್ಬರೂ ಬಿದ್ದರು. ಸ್ವಾಮಿಗಳ ಮೊಣಕಾಲು ತರಚಿ ರಕ್ತ ಬಂತು.

“ಕಲ್ಲು ಕಂಡಿತ್ತೇನು?”

“ಕಂಡಿತ್ತರೀ. ಸಣ್ಣದೈತಿ ಅಂತ ಹೇಳಲಿಲ್ಲ.”

“ನನಗ ದೊಡ್ಡದಾತು. ಏಳು.”

ಇಬ್ಬರೂ ಮತ್ತೆ ಸೈಕಲ್ ಹತ್ತುವಷ್ಟರಲ್ಲಿ, ಮೇಲಿನಿಂದ ಇಳಿಯುತ್ತಿದ್ದ ಜೀಪೊಂದು ಎದುರಿಗೆ ಬಂದು ನಿಂತಿತು. ಸ್ವಾಮಿಗಳನ್ನು ಬಲ್ಲ ಡ್ರೈವರ್ ತಲೆ ಹೊರಹಾಕಿ ಫಕೀರಪ್ಪನ ಮೇಲೆ ಕೂಗಾಡಿದ.

“ಕುರುಡ ಮುದುಕರ ಕೈಯಾಗ ಹ್ಯಾಂಡಲ್ ಕೊಟ್ಟು ಹಿಂದ ಕುಂತೀಯಲ್ಲೋ! ನಾಚಿಕಿ ಇಲ್ಲೇನು ನಿನಗ? ಹತ್ತರ್ರಿ ಅಜ್ಜಾರ, ಮನಿ ಮುಟ್ಟಸ್ತೀನಿ.”

ಫಕೀರಪ್ಪನ ಮುಖ ಕೆಂಪಾಯಿತು.

ಸ್ವಾಮಿಗಳು ಬೆಲ್ ಬಾರಿಸತೊಡಗಿದರು. ಜೀಪು ದಾರಿ ಬಿಡುವತನಕ ಬಾರಿಸುತ್ತಲೇ ಇದ್ದರು.

ಆಮೇಲೆ ಫಕೀರಪ್ಪ ಏನನ್ನೂ ಬಿಡಲಿಲ್ಲ. ಬಿದ್ದ ಟೊಂಗೆ, ಹರಿವ ನೀರು, ದಾರಿಗಡ್ಡ ಮಲಗಿದ ಎಮ್ಮೆ, ಡಾಂಬರು ಕಿತ್ತ ಜಾಗ, ಎಲ್ಲವನ್ನೂ ಹೇಳಿದ. ಕಾಲು ಸೋತವು, ಗಂಟಲು ಒಣಗಿತು. ಆದರೆ ಮತ್ತೆ ಬೀಳಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಘಟ್ಟದ ತುದಿ ಮುಟ್ಟಿ ನಿಂತರು. ಗಾಳಿ ರಪ್ಪನೆ ಮುಖಕ್ಕೆ ಹೊಡೆಯಿತು.

“ಮುಂದ ಹೆಂಗೈತಿ?” ಎಂದರು ಸ್ವಾಮಿಗಳು.

“ಇಳಿಜಾರರೀ. ಭಾಳ ಕಡಿದು. ತಿರುವಿನ ಮ್ಯಾಲ ತಿರುವು. ಒಂದು ಕಡೆ ತಡೆಗ್ವಾಡಿ ಇಲ್ಲ. ಹೊಳಿ ಕೆಳಗ ದಾರದಂಗ ಕಾಣ್ತೈತಿ.”

“ಹ್ಯಾಂಡಲ್ ನೀ ಹಿಡೀತೀಯೇನು?”

ಹಿಡೀತೀನಿ ಎನ್ನಲು ಫಕೀರಪ್ಪ ಬಾಯಿ ತೆರೆದ. ಕೆಳಗೆ ನೋಡಿದ.

“ನನಗ ಭಯ ಆಗಾಕತ್ತೈತ್ರಿ, ಅಜ್ಜಾರ.”

ಸ್ವಾಮಿಗಳು ಇಳಿದರು. ಸೀಟು ತಡವುತ್ತ ಹಿಂದಕ್ಕೆ ಹೋಗಿ ಕೂತು ಪೆಡಲಿನ ಮೇಲೆ ಕಾಲಿಟ್ಟರು.

“ಹಂಗಾದ್ರ ನೀನ ಹಿಡಿ. ಭಯ ಇಲ್ಲ ಅಂದಿದ್ರ ನಾನ ಇಳಸ್ತಿದ್ದೆ.”