ಸಾಬವ್ವನ ಮಗ ತಲೆಬ್ಯಾಟರಿ ತಂದದ್ದು

ಒಬ್ಬಳು ಸಾಬವ್ವ. ಅವಳಿಗೊಬ್ಬ ಮಗ ಮಾಳಿಂಗ. ಊರವರ ಬಾಯಲ್ಲಿ ಮಾಳ್ಯಾ. ಆಳು ನೋಡಿದರೆ ಬಾಗಿಲು ತುಂಬುವಷ್ಟು, ಬುದ್ಧಿ ನೋಡಿದರೆ ಕೀಲಿಯ ಕಂಡಿ ತುಂಬುವಷ್ಟೂ ಇಲ್ಲ. ಕೆಟ್ಟವನಲ್ಲ, ಮೈಗಳ್ಳನಲ್ಲ, ತಾಯಿಗೆ ಒಂದು ದಿನ ಎದುರು ಮಾತಾಡಿದವನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಸಾಬವ್ವನ ಕರ್ಮ ಅದೇ. ಹೇಳಿದ್ದನ್ನು ಹೇಳಿದಂತೇ ಮಾಡುತ್ತಿದ್ದ!

ಸಾಬವ್ವನೇನು ದಡ್ಡಿಯಲ್ಲ. ಸಂತೆಯಲ್ಲಿ ಕಂಬಳಿ ಮಾರಿ ಮಾರಿ ಪಳಗಿದವಳು. ಗಿರಾಕಿ ಇನ್ನೂ ಕಂಬಳಿ ಮುಟ್ಟಿರುವುದಿಲ್ಲ, ಇವನು ಕೊಳ್ಳುವವನೋ ಬರೀ ಕೈಯಾಡಿಸಿ ಹೋಗುವವನೋ ಎಂದು ಹೇಳಿಬಿಡುತ್ತಿದ್ದಳು. ಅಂಥವಳ ಹೊಟ್ಟೆಯಲ್ಲಿ ಇಂಥವನು! ಯಾರ ಮೇಲೆ ಸಿಟ್ಟು ಮಾಡಬೇಕು? ಎಲ್ಲರ ಮೇಲೂ ಮಾಡುತ್ತಿದ್ದಳು.

ಅವಳ ಪಾಲಿನ ಕುರಿಗಳು ಒಡಹುಟ್ಟಿದ ತಮ್ಮ ಅಮೋಗಿಯ ಹಿಂಡಿನಲ್ಲಿ ಮೇಯುತ್ತಿದ್ದವು. ಸುಗ್ಗಿ ಮುಗಿದರೆ ಅಮೋಗಿ ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುವವನು. ರಾತ್ರಿ ಸುತ್ತ ಬಲೆ ಕಟ್ಟಿ ಹಟ್ಟಿ ಮಾಡಿ ಕುರಿ ಕೂಡಿಸಿ, ತಾನೂ ಅಲ್ಲೇ ಬಯಲಲ್ಲಿ ಉರುಳುವವನು. ಆ ವರ್ಷ ಬಂದವನೇ ಖಡಾಖಂಡಿತ ಹೇಳಿಬಿಟ್ಟ.

"ಯಕ್ಕಾ, ತ್ವಾಳದ ಕಾಟ ಭಾಳ ಆಗೇತಿ. ನನ್ನೊಬ್ಬನ ಕೈಲೆ ಆಗೂದಿಲ್ಲ. ಮಾಳ್ಯಾನ್ನ ಹಟ್ಟಿ ಕಾಯಾಕ ಕಳಸು, ಅವನ ತಲಿಗೊಂದು ಬ್ಯಾಟ್ರಿ ಕಟ್ಟಿ ಕಳಸು. ಹುಡುಗ ನಿಂತರ ನಿನ್ನ ಕುರಿ ನನ್ನ ಹಿಂಡಿನಾಗ ಇರ್ತಾವ. ನಿಲ್ಲಲಿಲ್ಲಂದ್ರ ನಿನ್ನ ಕುರಿ ನೀ ಹೊಡ್ಕೊಂಡು ಹೋಗು."

ಸಾಬವ್ವ ಲೆಕ್ಕ ಹಾಕಿದಳು. ಕುರಿ ಮನೆಗೆ ಬಂದರೆ ಮೇಯಿಸುವವರು ಯಾರು? ಕಟುಕನಿಗೇ ಕೊಡಬೇಕು. ಕುರಿ ಹೋದರೆ ಉಣ್ಣೆ ಇಲ್ಲ, ಉಣ್ಣೆ ಇಲ್ಲದೆ ಕಂಬಳಿ ಇಲ್ಲ. ಕಂಬಳಿ ಇಲ್ಲದೆ ಸಂತೆಯಲ್ಲಿ ಏನು ಮಾರಬೇಕು, ಮಗನನ್ನೇ? ಅವನನ್ನು ಯಾರೂ ಕೊಳ್ಳುವುದಿಲ್ಲ.

"ಲೇ ಮಾಳ್ಯಾ," ಅಂದಳು, "ಮಲಶೆಟ್ಟಿ ಅಂಗಡಿಗೆ ಹೋಗು. ತಲಿಗೆ ಕಟ್ಟೋ ಬ್ಯಾಟ್ರಿ ತಗೊಂಡು ಬಾ. ಡಬ್ಬಿ ಮ್ಯಾಲಿನ ಚಿತ್ರ ನೋಡಿ ಮರುಳಾಗಬ್ಯಾಡ. ರಾತ್ರಿಯೆಲ್ಲಾ ತಲಿ ಮ್ಯಾಲ ಇರೋ ಸಾಮಾನು ಅದು, ವಜ್ಜಿ ಇದ್ದರ ಕುತ್ತಿಗಿ ಹಿಡೀತೈತಿ. ಎಲ್ಲಾದಕ್ಕಿಂತ ಹಗುರ ಇದ್ದದ್ದು ತಗೋ. ತಿಳೀತಿಲ್ಲೋ?"

"ತಿಳೀತು ಯವ್ವಾ. ಹಗುರ ಇದ್ದದ್ದು."

ಹೋದ. ಬಂದ. ಹಣೆಗೆ ಒಂದು ಪಟ್ಟಿ ಕಟ್ಟಿಕೊಂಡು, ಮದುಮಗನ ಹಾಗೆ ನಗುತ್ತಾ ಬಂದ.

"ಬ್ಯಾಟ್ರಿ ಎಲ್ಲೈತೋ?"

"ಇದ ಯವ್ವಾ!"

"ಇದು ಬರೇ ಪಟ್ಟಿ!"

"ಹೌದು ಯವ್ವಾ. ಅಂಗಡ್ಯಾಗಿದ್ದವನ್ನೆಲ್ಲಾ ಬಿಚ್ಚಿಸಿ ತಕ್ಕಡಿಗೆ ಹಾಕಿಸಿದ್ನಿ. ಸೆಲ್ಲು ವಜ್ಜಿ, ದೀಪ ವಜ್ಜಿ. ಎಲ್ಲಾದಕ್ಕಿಂತ ಹಗುರಂದ್ರ ಪಟ್ಟಿನ. ಸಾವಕಾರ ನಕ್ಕೋತ ಕೊಟ್ಟ."

"ಅಯ್ಯ, ನಿನ್ನ ಬುದ್ಧಿಗೆ ಬೆಂಕಿ ಬೀಳಲಿ!"

ಮಲಶೆಟ್ಟಿ ನಕ್ಕನಂತೆ! ಸಾಬವ್ವನ ಮೈ ಉರಿಯಿತು. ತಿಳಿಯದವನಿಗೆ ತಿಳಿಸಿ ಮಾರಿದರೆ ಅದು ವ್ಯಾಪಾರ. ತಿಳಿಯದವನ ತಲೆಗೆ ಬರೀ ಪಟ್ಟಿ ಕಟ್ಟಿ ಕಳಿಸಿದರೆ ಅದೇನು? ತಾನೂ ಮಾರುತ್ತಾಳೆ, ಕಂಬಳಿ ಅಂತ ಹೇಳಿ ಬರೀ ಅಂಚು ಮಾರಿದ್ದಾಳೆಯೇ?

"ತಿರುಗಿ ಹೋಗು! ಪಟ್ಟಿ, ದೀಪ, ಸೆಲ್ಲು, ಎಲ್ಲಾ ಕೂಡಿದ್ದು ತಗೊಂಡು ಬಾ! ಬಯಲಾಗ ಮಳಿ ಬರ್ತೈತಿ, ಇಬ್ಬನಿ ಬೀಳ್ತೈತಿ. ಆ ಮಲಶೆಟ್ಟಿ ಮುಂದನ ನೀರಾಗ ಅದ್ದಿ ನೋಡು! ನೀರು ತಡೀತಂದ್ರ ಚಲೋ ಮಾಲು. ತಡೀಲಿಲ್ಲಂದ್ರ ಖೊಟ್ಟಿ ಮಾಲು, ಅವನ ಮಾರಿಗೆ ಒಗದು ಬಾ! ಹಂಗ ಬರುವಾಗ ಕುರಿಗೆ ಒಂದು ಗಂಟು ಉಪ್ಪು ತಾ."

ಹೋದ. ಬಂದ. ಈ ಸಲ ಹಣೆಯ ಮೇಲೆ ದೀಪ ಇತ್ತು. ಒತ್ತಿದರೆ ಹತ್ತಿತು, ಒತ್ತಿದರೆ ಆರಿತು. ಸಣ್ಣ ಬೆಳಕು ಬೇರೆ, ದೊಡ್ಡ ಬೆಳಕು ಬೇರೆ. ಸಾಬವ್ವ ತಿರುಗಿಸಿ ಮುರುಗಿಸಿ ನೋಡಿದಳು. ಪಟ್ಟಿ ಗಟ್ಟಿ, ದೀಪ ಮೇಲೆ ಕೆಳಗೆ ಬಾಗುತ್ತದೆ, ಒಳಗೆ ನೀರಿಲ್ಲ. ಮಾಲು ಚಲೋ ಇತ್ತು. ಮಗನ ಬಟ್ಟೆ ಮಾತ್ರ ತೊಯ್ದು ತೊಪ್ಪೆಯಾಗಿತ್ತು.

"ಉಪ್ಪು ಎಲ್ಲಿ?"

"ಖೊಟ್ಟಿ ಮಾಲು ಯವ್ವಾ! ಬ್ಯಾಟ್ರಿ ನೀರಾಗ ಅದ್ದಿದೆ, ತಡೀತು. ಉಪ್ಪು ಅದ್ದಿದೆ, ಹೊರಗ ತಗೀತೀನಿ, ಗಂಟಿನಾಗ ಏನೂ ಇಲ್ಲ! ಮಲಶೆಟ್ಟಿ ಮಾರಿಗೆ ಒಗದು ಬಂದೆ. ಬಕೀಟ ಸಮೇತ."

ಒಂದು ಗಳಿಗೆ, ಒಂದೇ ಒಂದು ಗಳಿಗೆ, ಸಾಬವ್ವನಿಗೆ ಒಳಗೊಳಗೆ ತಣ್ಣಗಾಯಿತು. ಆಮೇಲೆ ಉಪ್ಪಿನ ನೆನಪಾಯಿತು.

"ಹುಚ್ಚಪ್ಯಾಲಿ! ಉಪ್ಪನ್ನ ಯಾರರ ನೀರಾಗ ಅದ್ದತಾರೇನೋ? ಅರಿವ್ಯಾಗ ಕಟ್ಟಬೇಕು! ಮ್ಯಾಲ ಕಂಬಳಿ ಸುತ್ತಬೇಕು! ಬಿಗಿ ಗಂಟು ಹಾಕಿ, ಹನಿ ತಾಕದಂಗ ಗಾಳಿ ತಾಕದಂಗ ಒಯ್ಯಬೇಕು! ಹಟ್ಟಿ ಮುಟ್ಟೂತನಾ ಗಂಟು ಬಿಚ್ಚಬಾರದು!"

"ಆತು ಯವ್ವಾ. ಹಂಗ ಒಯ್ತೀನಿ."

ಮುಚ್ಚಂಜೆಗೆ ಹಟ್ಟಿಗೆ ಹೊರಟ. ದಾರಿಯಲ್ಲಿ ಹಳ್ಳ ಇದೆ, ಜಾಲಿ ಮುಳ್ಳಿದೆ ಎಂದು ಸಾಬವ್ವ ತಾನೇ ಬ್ಯಾಟರಿ ಹಚ್ಚಿ ಮಗನ ಕೈಗೆ ಕೊಟ್ಟಳು.

ಮರುದಿನ ಮುಂಜಾನೆ ರೊಟ್ಟಿ ಬುತ್ತಿ ಹೊತ್ತುಕೊಂಡು ಹೋದರೆ, ಅಮೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಮಾಳ್ಯಾ ಕುಂತು ಅಂಗಾಲಿನ ಮುಳ್ಳು ಕೀಳುತ್ತಿದ್ದ. ಮೊಣಕಾಲು ತರಚಿ ಹೋಗಿತ್ತು, ಮೂಗು ಬಾತಿತ್ತು.

"ಯಕ್ಕಾ, ನಿನ್ನ ಮಗ ಹಳ್ಳದಾಗ ಬಿದ್ದು, ಮುಳ್ಳಾಗ ಎದ್ದು, ಉಳ್ಳಾಡಿಕೋತ ಬಂದಾನ! ಬ್ಯಾಟ್ರಿ ಎಲ್ಲೋ ಅಂದ್ರ ಕಂಬಳಿ ಗಂಟು ತೋರಸ್ತಾನ! ಬಿಚ್ಚಿದರ ಒಳಗ ಅರಿವಿ, ಅರಿವ್ಯಾಗ ಬ್ಯಾಟ್ರಿ! ದೊಡ್ಡ ಬೆಳಕಿನ ಮ್ಯಾಲ ಹತ್ತೇ ಐತಿ! ಬೆಳಕೆಲ್ಲಾ ಕಂಬಳಿಗೆ, ಕತ್ತಲೆಲ್ಲಾ ಇವಗ! ನಡುರಾತ್ರಿ ಆಗೂದರಾಗ ಸೆಲ್ಲು ಸತ್ತು ಹೋದುವು!"

"ಹನಿ ತಾಕಿಲ್ಲ ಮಾಮಾ, ಗಾಳಿನೂ ತಾಕಿಲ್ಲ," ಅಂದ ಮಾಳ್ಯಾ.

"ಬಾಯಿ ಮುಚ್ಚು! ಬ್ಯಾಟ್ರಿ ಇರೋದು ತಲಿಗೆ ಕಟ್ಟಾಕ! ಕತ್ತಲ್ಯಾಗ ಯಾರು ಮುಂದ ನಡೀತಾರೋ ಅವರ ತಲಿಗೆ ಕಟ್ಟಬೇಕು! ಹಿಂದಿನವರು ಆ ಬೆಳಕ ನೋಡ್ಕೋತ ಬರ್ತಾರ! ಇಷ್ಟೂ ತಿಳೀದಿಲ್ಲೇನು?"

"ಈಗ ತಿಳೀತು ಮಾಮಾ. ಮುಂದ ನಡಿಯೋರ ತಲಿಗೆ."

ಸಾಬವ್ವ ಸಂತೆಗೆ ಓಡಿ ಹೊಸ ಸೆಲ್ಲು ತಂದುಕೊಟ್ಟಳು. "ತಪ್ಪು ಒಮ್ಮೆ ಆಗ್ತೈತಿ ತಮ್ಮಾ. ಕೂಸದು," ಅಂದಳು. ಅಮೋಗಿ ಆ ಕೂಸಿನ ಮೀಸೆ ನೋಡಿದ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಹಿಂಡು ಎಬ್ಬಿಸಿ ಹೊಸ ಹೊಲಕ್ಕೆ ಹೊರಟರು. ಕುರಿ ಹಿಂಡಿನಲ್ಲಿ ಮುಂದೆ ನಡೆಯುವವರು ಯಾರು? ಕೊರಳಿಗೆ ಗಂಟೆ ಕಟ್ಟಿದ ಮುಂದಾಳು ಟಗರು. ಮಾಳ್ಯಾ ಹೇಳಿದ ಮಾತು ಮೀರುವವನೇ? ಬ್ಯಾಟರಿ ತೆಗೆದು ಟಗರಿನ ಹಣೆಗೆ, ಎರಡು ಕೋಡಿನ ನಡುವೆ, ಬಿಗಿಯಾಗಿ ಕಟ್ಟಿದ. ಟಗರು ಎಡಕ್ಕೆ ತಿರುಗಿತು, ಬೆಳಕು ಎಡಕ್ಕೆ ಹಾರಿತು. ಬಲಕ್ಕೆ ತಿರುಗಿತು, ಬೆಳಕು ಬಲಕ್ಕೆ ಹಾರಿತು. ಎದುರಿಗೆ ಯಾವುದೋ ದೆವ್ವ ಕುಣಿಯುತ್ತಿದೆ ಎಂದು ಟಗರು ತಲೆ ತಗ್ಗಿಸಿ ಅದನ್ನು ಗುದ್ದಲು ಓಡಿತು! ಟಗರಿನ ಹಿಂದೆ ಹಿಂಡು, ಹಿಂಡಿನ ಹಿಂದೆ ಅಮೋಗಿ, ಎಲ್ಲರೂ ಹೋಗಿ ಬಿದ್ದದ್ದು ಗುರನಗೌಡರ ಕಡಲೆ ಹೊಲದಲ್ಲಿ. ಕಾಯಿಗಟ್ಟಿದ ಕಡಲೆ!

ಸಾಬವ್ವ ಬುತ್ತಿ ತಂದಾಗ ಅಮೋಗಿ ಇನ್ನೂ ಏದುತ್ತಿದ್ದ.

"ಯಕ್ಕಾ! ನಿನ್ನ ಮಗ..."

"ನೀ ಏನ ಹೇಳಿದಿ?" ಅಂದಳು ಸಾಬವ್ವ. ಅವಳಿಗೂ ತಲೆ ಕೆಟ್ಟಿತ್ತು. "ಮುಂದ ನಡಿಯೋರ ತಲಿಗೆ ಅಂದಿ! ಅವ ಹೇಳಿದ್ದು ಮಾಡ್ಯಾನ! ಹೇಳೋರಿಗೆ ನೆಟ್ಟಗ ಹೇಳಾಕ ಏನಾಗೇತಿ?"

"ಹಂಗಾದ್ರ ನೀನ ಹೇಳು!"

"ಹೇಳ್ತೀನಿ! ಲೇ ಮಾಳ್ಯಾ, ಬ್ಯಾಟ್ರಿ ನಿನ್ನ ತಲಿಗೆ! ಟಗರಿಗಲ್ಲ, ಹೋತಕ್ಕಲ್ಲ, ನಾಯಿಗಲ್ಲ, ನಿನ್ನ ತಲಿಗೆ! ಹಟ್ಟಿ ಕಡೆ ಯಾರರ ಬಂದ್ರ ದೊಡ್ಡ ಬೆಳಕು ಮಾಡಿ ನೆಟ್ಟಗ ಮಾರಿಗೆ ಹಿಡಿ! ಮಾರಿ ತಪ್ಪಿಸಿದರ ಬಿಡಬ್ಯಾಡ! ಯಾರು, ಏನು, ನೋಡಿ ಬಿಡು!"

ಅವತ್ತೇ ಸಂಜೆ ಗುರನಗೌಡರು ಬಂದರು, ಕಡಲೆಯ ಮಾತಾಡಲು. ಒಳ್ಳೆಯ ಮನುಷ್ಯ, ಕೂತು ಮಾತಾಡಿ ಮುಗಿಸುವ ಮನಸ್ಸಿನಿಂದ ಬಂದವರು. ಹೊಲದಂಚಿನ ಬಾಂದಿನ ಮೇಲೆ ಕಾಲಿಟ್ಟರು, ಬೆಳಕು ಮಾರಿಗೆ ಬಡಿಯಿತು.

"ಯಾರಲೇ ಅಂವ? ಬ್ಯಾಟ್ರಿ ತಗಿ!"

ಮಾಳ್ಯಾ ತೆಗೆಯಲಿಲ್ಲ. ಗೌಡರು ಎಡಕ್ಕೆ ತಿರುಗಿದರು, ಮಾಳ್ಯಾ ಎಡಕ್ಕೆ ಹೋದ. ಗೌಡರು ಬಲಕ್ಕೆ ತಿರುಗಿದರು, ಮಾಳ್ಯಾ ಬಲಕ್ಕೆ ಹೋದ. ಗೌಡರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು, ಮಾಳ್ಯಾ ಬಗ್ಗಿ ಕೈಸಂದಿಯಿಂದ ಬೆಳಕು ಬಿಟ್ಟ. ಕಣ್ಣು ಕಾಣದ ಗೌಡರು ಹಿಂದೆ ಸರಿದು ಸರಿದು, ಧೋತರ ಸಮೇತ ಮುಳ್ಳುಬೇಲಿಯಲ್ಲಿ ಕೂತುಬಿಟ್ಟರು.

ಸಾಬವ್ವ ಮುಂಜಾನೆ ಬಂದಾಗ ಅಮೋಗಿ ಕುರಿ ಬೇರೆ ಮಾಡಲು ಕೋಲು ಹಿಡಿದು ನಿಂತಿದ್ದ.

"ಮುಗೀತು ಯಕ್ಕಾ. ಹೊಲದ ಗೌಡನ್ನ ಮುಳ್ಳಾಗ ಕುಂದ್ರಿಸಿದ ಮ್ಯಾಲ ನಾ ಯಾರ ಹೊಲದಾಗ ಕುರಿ ಕುಂದ್ರಸ್ಲಿ? ನಿನ್ನವು ನೀ ಒಯ್ಯಿ."

"ಇದೊಂದು ರಾತ್ರಿ ತಮ್ಮಾ! ಇದೊಂದು ರಾತ್ರಿ! ಹುಟ್ಟಿದ ಮನಿ ಅನ್ನೋದು ಇದ್ದರ ಇದೊಂದು ರಾತ್ರಿ!"

ಅಮೋಗಿ ಕೋಲು ಕೆಳಗಿಟ್ಟ. ಅಕ್ಕ ಕೈ ಹಿಡಿದರೆ ಏನು ಮಾಡುತ್ತಾನೆ? ಸಾಬವ್ವ ಮಗನ ರೆಟ್ಟೆ ಹಿಡಿದು ಅಲ್ಲಾಡಿಸಿದಳು.

"ಖೋಡಿ! ಮನಷ್ಯಾರ ಮಾರಿಗೆ ಬೆಳಕ ಬಿಡ್ತಾರೇನು? ಅವರ ಕಣ್ಣಿಗೆ ಕತ್ತಲಿ ಬರ್ತೈತಿ! ತಲಿ ಬಗ್ಗಸಬೇಕು, ಸಣ್ಣ ಬೆಳಕು ಮಾಡಬೇಕು, ಬಂದವರ ಕಾಲ ಮುಂದ ಬಿಡಬೇಕು! ಬರ್ರಿ, ಕೂಡ್ರಿ, ಏನ ಬೇಕಾಗಿತ್ತು ಅನಬೇಕು! ಹೋಗುವಾಗ ಬಾಂದಿನತನಾ ದಾರಿ ತೋರಸಬೇಕು! ಮರ್ಯಾದಿ ಅಂದ್ರ ಅದು!"

"ಆತು ಯವ್ವಾ. ಮರ್ಯಾದಿ."

ಆ ರಾತ್ರಿ ಅಮೋಗಿ, ಹಿಂದಿನ ರಾತ್ರಿಗಳ ನಿದ್ದೆಗೇಡಿಗೆ, ಹೆಣದ ಹಾಗೆ ಮಲಗಿಬಿಟ್ಟ.

ಬೆಳಗಾಯಿತು. ಸಾಬವ್ವ ಬುತ್ತಿ ಹೊತ್ತು ಬಂದಳು. ಬೈಗುಳ ಕೇಳಿಸಲಿಲ್ಲ. ಅದಕ್ಕೇ ಅವಳಿಗೆ ಭಯವಾಯಿತು. ಅಮೋಗಿ ಒಂದು ಗೂಟದ ಮುಂದೆ ನೆಲದ ಮೇಲೆ ಕುಂತಿದ್ದ. ಹಾಲು, ತತ್ತಿ ಹಾಕಿ ಹೆತ್ತ ಮಗನಿಗಿಂತ ಹೆಚ್ಚಾಗಿ ಬೆಳೆಸಿದ ಕಾಳಗದ ಟಗರಿನ ಗೂಟ ಅದು. ಗೂಟ ಮಾತ್ರ ಇತ್ತು.

"ತ್ವಾಳ ಬಂತೇನೋ?" ಸಾಬವ್ವ ಚೀರಿದಳು.

"ಇಲ್ಲ ಯವ್ವಾ, ತ್ವಾಳ ಎಲ್ಲಿ ಬಂತು!" ಅಂದ ಮಾಳ್ಯಾ. "ಒಬ್ಬ ಮನಷ್ಯಾ ಬಂದಿದ್ದ. ಭಾಳ ಚಲೋ ಮನಷ್ಯಾ. ಮೆಲ್ಲಕ ಮಾತಾಡ್ತಾನ."

"ನಾಯಿ ಬೊಗಳಲಿಲ್ಲೇನು?"

"ಬೊಗಳಾಕತ್ತಿತ್ತು. ಬಂದವರಿಗೆ ಹಂಗ ಬೊಗಳಬಾರದು ಅಂತ ನಾನ ಬಾಯಿ ಕಟ್ಟಿದೆ. ಮಾರಿಗೆ ಬೆಳಕ ಬಿಡಲಿಲ್ಲ ಯವ್ವಾ, ಒಮ್ಮೆರ ಅವನ ಮಾರಿ ನೋಡಿಲ್ಲ! ಕಾಲಿಗೇ ಬಿಟ್ಟೆ. ಬರ್ರಿ, ಕೂಡ್ರಿ, ಏನ ಬೇಕಾಗಿತ್ತು ಅಂದೆ. ಒಂದು ಕುರಿ ಬೇಕಿತ್ತು ತಮ್ಮಾ ಅಂದ. ನಮ್ಮ ಬಡಕಲ ಕುರಿ ಹಿಡದಿದ್ದ, ಛೇ ಛೇ, ಅದು ಬ್ಯಾಡ್ರಿ, ಮರ್ಯಾದಿ ಅಲ್ಲ ಅಂತ ಮಾಮಾನ ಟಗರ ಬಿಚ್ಚಿಕೊಟ್ಟೆ. ಮಾಮಾ ಮಲಗಿದ್ದ, ಎಬ್ಬಸಲ್ಯಾ ಅಂದೆ. ಬ್ಯಾಡ, ದಣದಾನ, ಪಾಪ ಅಂದ. ಬಾಂದಿನತನಾ ದಾರಿ ತೋರಿಸಿ ಬಂದೆ."

ಅಮೋಗಿ ತಲೆ ಎತ್ತಲಿಲ್ಲ. ಗೂಟಕ್ಕೇ ಹೇಳಿದ. "ಯಕ್ಕಾ, ಹೊಡ್ಕೊಂಡು ಹೋಗು. ಬಿಸಿಲು ಏರೋದರಾಗ ಹೋಗು."

ಈ ಸಲ ಸಾಬವ್ವ ಕೈ ಹಿಡಿಯಲಿಲ್ಲ. ಯಾವ ಬಾಯಿಂದ ಕೇಳಬೇಕು? ಬುತ್ತಿ ಇಳಿಸಿದಳು, ಸೆರಗು ಸಿಕ್ಕಿಸಿದಳು, ಕಿವಿಯ ಗುರುತು ನೋಡಿ ತನ್ನ ಕುರಿಗಳನ್ನು ಒಂದೊಂದಾಗಿ ಹಿಂಡಿನಿಂದ ಎಳೆದು ಬೇರೆ ಮಾಡಿದಳು. ಕಣ್ಣಲ್ಲಿ ನೀರಿಲ್ಲ, ಬರೀ ಕೆಂಡ. ಮಲಶೆಟ್ಟಿಯ ಮೇಲೆ, ತಮ್ಮನ ಮೇಲೆ, ಹೊತ್ತು ಹೆತ್ತ ತನ್ನ ಮೇಲೆ. ಎಲ್ಲ ಮುಗಿದ ಮೇಲೆ ಮಗನ ಮುಂದೆ ಕೈ ಚಾಚಿದಳು.

"ತಾ ಇಲ್ಲೆ ಆ ಬ್ಯಾಟ್ರಿ! ಅದನ್ನರ ಅಂಗಡಿಗೆ ತಿರುಗಿ ಹಾಕ್ತೀನಿ!"

ಮಾಳ್ಯಾ ಬರಿಹಣೆ ತಡವಿಕೊಂಡ.

"ಅದು ಅವನ ತಲಿ ಮ್ಯಾಲ ಐತಿ ಯವ್ವಾ."

"ಯಾರ ತಲಿ ಮ್ಯಾಲ?"

"ಅವನ! ಬಾಂದು ದಾಟಿದ ಮ್ಯಾಲ ಎಲ್ಲಾ ಕತ್ತಲಿ. ಅಂಥಾ ಟಗರು ಅದು, ಎರಡೂ ಕೈಲೆ ಕೋಡು ಹಿಡದಿದ್ದ. ಬೆಳಕ ಹೆಂಗ ಹಿಡೀಬೇಕು ಪಾಪ? ತಲಿಬ್ಯಾಟ್ರಿ ಅನ್ನೋದು ಇರೋದರ ಯಾಕ, ಕೈ ಖಾಲಿ ಇರಲಿ ಅಂತ ಅಲ್ಲೇನು? ನಾನ ಕಟ್ಟಿ ಕಳಿಸಿದೆ."

ಸಾಬವ್ವ ಹಣೆ ಬಡಿದುಕೊಂಡು ಅಲ್ಲೇ ನೆಲಕ್ಕೆ ಕುಂತಳು.

"ಚಿಂತಿ ಮಾಡಬ್ಯಾಡ ಯವ್ವಾ," ಅಂದ ಮಾಳ್ಯಾ. "ಬ್ಯಾಟ್ರಿ ಎಲ್ಲಿ ಹೋಗೂದಿಲ್ಲ. ನಾಳಿ ರಾತ್ರಿ ತಂದುಕೊಡ್ತೀನಿ ಅಂದಾನ. ಹೆಂಗೂ ಇನ್ನೊಂದು ಟಗರ ಒಯ್ಯಾಕ ಬರಾಂವ ಅದಾನಲ್ಲ!"