ತಿಪ್ಪೇಶಿ ದೇವರನ್ನು ಕೇಳಿದ್ದು

ನಮ್ಮೂರಲ್ಲಿ ಒಬ್ಬ ಪೆದ್ದ ಇದ್ದ. ಕೇಳಿ ನಗು ಬಂದರೆ ನಗಿ, ನಾವೂ ನಕ್ಕವರೇ. ಹೆಸರು ತಿಪ್ಪೇಶಿ. ವಯಸ್ಸು ಮೂವತ್ತು, ಮೈ ಎತ್ತಿನಂಥದು, ಬುದ್ಧಿ ಮಾತ್ರ ಅವ್ವ ಹೇಳಿಕೊಟ್ಟಷ್ಟೇ. ಅವ್ವ ಮಾರಕ್ಕ ಈಚಲು ಪೊರಕೆ ಕಟ್ಟಿ ಬದುಕುವವಳು. ರಂಗಪ್ಪನ ಗುಡಿಯನ್ನು ಗುಡಿಸುತ್ತಿದ್ದದ್ದು ಅವಳ ಪೊರಕೆಯಿಂದಲೇ. ಪೊರಕೆ ಒಳಗೆ ಹೋಗುತ್ತಿತ್ತು. ಕಟ್ಟಿದವಳು ಹೋಗುವಂತಿರಲಿಲ್ಲ. ಬಾಗಿಲ ಎದುರಿಗೆ, ದೂರದಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ನಮ್ಮ ಕೇರಿಯವರು ಅಲ್ಲೇ ನಿಲ್ಲಬೇಕು.

"ನಾನು ಹೋದ ಮೇಲೆ ನಿನ್ನ ಯಾರು ನೋಡ್ಕೊಳ್ತಾರೋ?" ಇದು ದಿನಾ ಬೆಳಿಗ್ಗೆ ಮಾರಕ್ಕನ ಮೊದಲ ಮಾತು. "ದೇವರು ನೋಡ್ಕೊಳ್ತಾನೆ ಬಿಡು." ಇದು ಎರಡನೆಯ ಮಾತು.

"ಎಲ್ಲಿ ಅದಾನೆ ಅವನು?" ಅಂದ ಒಂದು ದಿನ ತಿಪ್ಪೇಶಿ.

"ಎಲ್ಲಾ ಕಡೆ ಅದಾನೆ. ಗಿಡದಾಗೂ ಅದಾನೆ, ಮಣ್ಣಾಗೂ ಅದಾನೆ. ಹೋಗು, ಈಚಲು ಕೊಯ್ಕೊಂಡು ಬಾ."

ಹೋದ. ಸಂಜೆ ಬರಿಗೈಯಲ್ಲಿ ಬಂದ.

"ಈಚಲು ಎಲ್ಲೋ?"

"ಗಿಡದಾಗೂ ದೇವರು ಅದಾನೆ ಅಂದ್ಯಲ್ಲವ್ವ. ಕುಡುಗೋಲು ಹಾಕಿದ್ರೆ ನೋಯಲ್ವಾ?"

"ಅಯ್ಯೋ ನನ್ನ ಕರ್ಮವೇ. ದೇವರು ಇರೋದು ಗುಡಿಯಾಗೆ ಕಣೋ, ಈಚಲ ಪೊದೆಯಾಗಲ್ಲ. ನಮಗೆಲ್ಲ ಅಪ್ಪ ಇದ್ದಂಗೆ ಅವನು. ಅಷ್ಟು ತಿಳ್ಕೋ ಸಾಕು."

ತಿಪ್ಪೇಶಿ ಅಷ್ಟು ತಿಳಿದುಕೊಂಡ.

ಮಾರನೆಯ ವಾರ ಪೊರಕೆ ಹೊತ್ತು ಗುಡಿಗೆ ಹೋದ. ಕಲ್ಲಿನ ಹತ್ತಿರ ಇಳಿಸಿ ಬರಬೇಕಾದವನು ಕಲ್ಲು ದಾಟಿದ, ಹೊಸಿಲು ದಾಟಿದ, ದೇವರ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ. "ಅಪ್ಪೋ, ಹೊಟ್ಟೆ ಹಸಿದೈತೆ, ಏನೈತೆ ಕೊಡು," ಅಂದ.

ಪೂಜಾರಿ ಗಂಗಯ್ಯ ಬಾಯಿ ಬಾಯಿ ಬಡಿದುಕೊಂಡ. ಊರವರು ಓಡಿ ಬಂದರು. ಅವನು ತಂದ ಪೊರಕೆಯಲ್ಲೇ ಅವನಿಗೆ ಬಾರಿಸಿದರು. ಆಮೇಲೆ ಗುಡಿ ತೊಳೆದರು.

ಮಾರಕ್ಕ ಬಾಸುಂಡೆಗೆ ಹರಳೆಣ್ಣೆ ಹಚ್ಚುತ್ತ ಬೈದಳು. "ಒಳಗ್ಯಾಕೆ ಹೋದೆಯೋ, ಮೂಳ?"

"ಅಪ್ಪನ ಮನೆಗೆ ಹೋದ್ರೆ ಹೊಡೀತಾರಾ ಅವ್ವ?"

ಅವಳು ಇನ್ನೊಂದು ಬಾಸುಂಡೆಗೆ ಎಣ್ಣೆ ಹಚ್ಚಿದಳು. ಆಮೇಲೆ ಅಂದಳು: "ನಾವು ಒಳಗೆ ಹೋಗಂಗಿಲ್ಲ. ಕಲ್ಲಿನ ಹತ್ರ ನಿಂತು ಕೇಳಿದ್ರೂ ಅವನಿಗೆ ಕೇಳ್ತೈತೆ. ಏನೇ ಮಾಡೋ ಮುಂಚೆ ಅವನನ್ನ ಕೇಳು. ಬಲಗಡೆ ಹೂ ಬಿದ್ರೆ ಹೂಂ ಅಂದಂಗೆ. ಬೀಳೋ ತನಕ ಕಾಯ್ಬೇಕು."

ನಮ್ಮ ಕಡೆ ಹಾಗೆಯೇ. ದೇವರ ಮೈಮೇಲೆ ಹೂ ಅಂಟಿಸಿರುತ್ತಾರೆ. ಹೊಲ ಕೊಳ್ಳಲೋ, ಹೆಣ್ಣು ಕೊಡಲೋ ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಹೂವನ್ನೇ ನೋಡುತ್ತ ನಿಲ್ಲುತ್ತಾರೆ. ಗಾಳಿ ಬೀಸಿದರೆ ಅಪ್ಪಣೆ ಆಗುತ್ತದೆ.

ಮಾರನೆಯ ದಿನ ಮಾರಕ್ಕ ಮುದ್ದೆ ಬಡಿಸಿದಳು. ತಿಪ್ಪೇಶಿ ತಟ್ಟೆ ಬಿಟ್ಟು ಎದ್ದು ಹೋದ. ಕಲ್ಲಿನ ಹತ್ತಿರ ನಿಂತು, "ಮುದ್ದೆ ಉಣ್ಲಾ?" ಎಂದು ಕೇಳಿದ. ಹೂ ಬೀಳಲಿಲ್ಲ. ಹೊತ್ತು ಮುಳುಗುವ ತನಕ ನಿಂತ. ನಾವೆಲ್ಲ ಹೋಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾರಕ್ಕ ಬಂದು ಕಿವಿ ಹಿಡಿದು ಎಳೆದುಕೊಂಡು ಹೋದಳು.

"ಉಣ್ಣಾಕೂ ದೇವರನ್ನ ಕೇಳ್ತಾರೇನೋ? ಸಣ್ಣಪುಟ್ಟದ್ದಕ್ಕೆಲ್ಲ ಬ್ಯಾಡ. ಸಾವು ಬದುಕು ಅನ್ನೋ ಅಂಥದ್ದು ಬಂದ್ರೆ ಮಾತ್ರ ಕೇಳು."

"ಹೂಂ ಅವ್ವ. ಸಾವು ಬದುಕು ಬಂದ್ರೆ ಮಾತ್ರ."

ಆ ಸಂಜೆ ನಾನು ಮಾರಕ್ಕನನ್ನು ಕೇಳಿದೆ. ನನ್ನದು ಸೈಕಲ್ ಅಂಗಡಿ. ಪಂಚರ್ ಹಾಕುತ್ತ ಓದಿಕೊಂಡವನು, ದೇವರಿಲ್ಲ ಎಂದು ಊರೂರು ಸುತ್ತಿ ಭಾಷಣ ಮಾಡುವವನು. "ಒಳಗೆ ಬಿಡದ ದೇವರನ್ನ ಯಾಕೆ ನಂಬ್ತೀಯ ಮಾರಕ್ಕ? ಮಗನಿಗೆ ಪೊರಕೆ ಏಟು ಬಿದ್ದಾಗ ಎಲ್ಲಿದ್ದ ಅವನು?"

"ಇಲ್ಲದೇ ಇರಬೌದು ಕಣಪ್ಪ," ಅಂದಳು. "ನಿನ್ನಷ್ಟು ನಾನು ಓದಿಲ್ಲ. ಆದ್ರೆ ಅವನಿಲ್ಲ ಅಂದ್ರೆ, ನಾನು ಸತ್ತ ಮೇಲೆ ಇವನನ್ನ ಯಾರು ನೋಡ್ಕೊಳ್ತಾರೆ ಹೇಳು. ನೀನು ನೋಡ್ಕೊಳ್ತೀಯಾ?"

ನನ್ನ ಹತ್ತಿರ ನೂರು ವಾದ ಇದ್ದವು. "ನೋಡ್ಕೊಳ್ತೀನಿ" ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. ಪಂಪು ಎತ್ತಿಕೊಂಡು ಅಂಗಡಿಯ ಒಳಗೆ ಹೋದೆ.

ಶ್ರಾವಣ ಕಳೆದ ಮೇಲೆ ಒಂದು ದಿನ ಈಚಲ ಪೊದೆಯಲ್ಲಿ ಮಾರಕ್ಕನಿಗೆ ಮಂಡಲದ ಹಾವು ಕಚ್ಚಿತು. ತಿಪ್ಪೇಶಿ ಜೊತೆಗೇ ಇದ್ದ. "ಓಡು ಮಗನೆ, ಯಾರನ್ನಾದ್ರೂ ಕರಿ, ನನ್ನ ಜೀವ ಹೋಗ್ತೈತೆ," ಅಂದಳು.

ಜೀವ ಹೋಗುತ್ತಿದೆ ಎಂದರೆ ಸಾವು ಬದುಕಿನ ಮಾತೇ ಅಲ್ಲವೇ. ತಿಪ್ಪೇಶಿ ಓಡಿದ. ಎಂದೂ ಓಡದವನು ಎದ್ದುಬಿದ್ದು ಓಡಿ ಹೋಗಿ ಕಲ್ಲಿನ ಹತ್ತಿರ ನಿಂತ. "ಅವ್ವಂಗೆ ಹಾವು ಕಚ್ಚೈತೆ. ಜನ ಕರೀಲಾ?" ಎಂದು ದೇವರನ್ನು ಕೇಳಿದ. ಗಾಳಿ ಇರಲಿಲ್ಲ. ತಾಲ್ಲೂಕು ಆಸ್ಪತ್ರೆ ಕಡೆಗೆ ಹೋಗುವ ಟೆಂಪೋ ಅವನ ಬೆನ್ನ ಹಿಂದೆಯೇ ಹೋಯಿತು. ಗಂಗಯ್ಯ ಅವನನ್ನು ನೋಡಿ, ಇವತ್ತೂ ಮುದ್ದೆಗೆ ಬಂದಿದ್ದಾನೆ ಎಂದುಕೊಂಡು ಸುಮ್ಮನಾದ. ದಾರಿಯಲ್ಲಿ ಹೋದವರು ನಗುತ್ತ ಹೋದರು. ನಾನು ಊರಲ್ಲಿ ಇರಲಿಲ್ಲ. ತಾಲ್ಲೂಕಿನಲ್ಲಿ ದೇವರಿಲ್ಲ ಎಂದು ಭಾಷಣ ಮಾಡುತ್ತಿದ್ದೆ. ಚಪ್ಪಾಳೆ ಚೆನ್ನಾಗಿ ಬಿತ್ತು.

ಮಧ್ಯಾಹ್ನ ತಿರುಗಿದ ಮೇಲೆ ಹೂ ಬಿತ್ತು, ಬಲಗಡೆಗೇ. ತಿಪ್ಪೇಶಿ ಕುಣಿದುಕೊಂಡು ಜನ ಕರೆಯಲು ಬಂದ.

ಮಣ್ಣು ಮಾಡಿ ಬಂದ ಮೇಲೆ ಅವನು ಒಬ್ಬೊಬ್ಬರನ್ನೂ ಕೇಳಿದ, "ಅವ್ವ ಎಲ್ಲಿ ಹೋದ್ಲು?" ಸತ್ತಾಗ ಎಲ್ಲರೂ ಹೇಳುವುದನ್ನೇ ಹೇಳಿದರು, "ದೇವರ ಹತ್ರ ಹೋದ್ಲು ಕಣೋ."

ದೇವರು ಇರುವುದೆಲ್ಲಿ ಎಂದು ಅವ್ವ ಹೇಳಿಕೊಟ್ಟಿದ್ದಳಲ್ಲ. ಮರುದಿನ ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಹೋಗಿ ಕಲ್ಲಿನ ಹತ್ತಿರ ನಿಂತ. "ಅವ್ವೋ, ಊಟ ತಂದೀನಿ. ಹೊರಗೆ ಬಾ."

ಈ ಸಲ ನಾನಿದ್ದೆ. ಹತ್ತಿರ ಹೋದೆ. "ಅವ್ವ ಒಳಗಿಲ್ಲ ಕಣೋ ತಿಪ್ಪೇಶಿ."

"ಇನ್ನೂ ಒಳಗೆ ಬಿಟ್ಟಿಲ್ವಾ?" ಅಂದ. "ಹಂಗಾದ್ರೆ ಇಲ್ಲೇ ಎಲ್ಲೋ ಹೊರಗೆ ನಿಂತಿರ್ತಾಳೆ."

ತಟ್ಟೆ ಹಿಡಿದು ಗುಡಿಯ ಗೋಡೆಯ ಸುತ್ತ ಹುಡುಕುತ್ತ ಹೊರಟ. ಒಂದು ಸುತ್ತು ಬಂದ, ಎರಡು ಸುತ್ತು ಬಂದ. ಅವ್ವ ಸಿಗಲಿಲ್ಲ. ನಿಂತು ಯೋಚನೆ ಮಾಡಿದ. "ಅವ್ವನೂ ನನ್ನನ್ನ ಹುಡುಕ್ಕೊಂಡು ಮುಂದೆ ಮುಂದೆ ಹೋಗ್ತಾ ಅದಾಳೆ, ಈ ಕಡೆಯಿಂದ ಹೋದ್ರೆ ಎದುರಿಗೇ ಸಿಗ್ತಾಳೆ," ಅಂದ. ಗರಕ್ಕನೆ ತಿರುಗಿ ಎಡದಿಂದ ಸುತ್ತತೊಡಗಿದ.

ಗಂಗಯ್ಯ ಬಾಗಿಲಲ್ಲಿ ನಿಂತು ಕೂಗಿದ. "ಏಯ್ ಪೆದ್ದ, ದೇವರನ್ನ ಎಡಕ್ಕೆ ಸುತ್ತಬಾರದು ಕಣೋ."

"ದೇವರನ್ನಲ್ಲ ಅಯ್ಯ," ಅಂದ ತಿಪ್ಪೇಶಿ, ನಿಲ್ಲದೆ. "ಅವ್ವನ್ನ."